ಮಾಸ್ತಿಕಟ್ಟೆಯ ಮಳೆಯೂ ಜೋಡಿ ಗುಂಡಿಯ ನಕಾಶೆಯೂ

ಶೌಚಾಲಯವನ್ನು ನೀವೇ ಕಟ್ಟಿಕೊಳ್ಳಿ ಎನ್ನುವ ಕರಪತ್ರಗಳಲ್ಲಿ, ಪಂಚಾಯಿತಿ ಕಚೇರಿಯ ಗೋಡೆಗಳಲ್ಲಿ ಒಂದು ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಸಣ್ಣ ಕೋಣೆ, ಅದರ ಹಿಂದೆ ಎರಡು ದುಂಡನೆಯ ಗುಂಡಿ, ನಡುವೆ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ಕಾಲುವೆ. ಒಂದು ಗುಂಡಿ ತುಂಬಿದಾಗ ಅದನ್ನು ಮುಚ್ಚಿ ಇನ್ನೊಂದನ್ನು ಬಳಸಬೇಕು. ಮುಚ್ಚಿದ್ದು ಎರಡು ವರ್ಷದಲ್ಲಿ ಗೊಬ್ಬರವಾಗುತ್ತದೆ. 1970ರ ದಶಕದಿಂದ ಬಿಂದೇಶ್ವರ ಪಾಠಕ್ ಅವರ ಸುಲಭ್ ಸಂಸ್ಥೆ ಪ್ರಚುರಪಡಿಸಿದ, 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನವೂ ಶಿಫಾರಸು ಮಾಡಿದ ವಿನ್ಯಾಸವಿದು. ಅಗ್ಗ, ಸರಳ, ಒಬ್ಬ ಗಾರೆ ಕೆಲಸದವನ ನೆರವಿನಿಂದ ಮನೆಯವರೇ ಮಾಡಿಕೊಳ್ಳಬಹುದಾದದ್ದು. ಮನುಷ್ಯರು ಮಲ ಹೊರುವ ಅನಿಷ್ಟವನ್ನು ತಪ್ಪಿಸುವ ಶಕ್ತಿ ಇದಕ್ಕಿದೆ. ನನ್ನ ತಕರಾರು ವಿನ್ಯಾಸದ ಬಗ್ಗೆ ಅಲ್ಲ, ಚಿತ್ರದ ಬಗ್ಗೆ. ಆ ಚಿತ್ರದಲ್ಲಿ ನೆಲ ಯಾವಾಗಲೂ ಸಮತಟ್ಟು, ಮಣ್ಣು ಯಾವಾಗಲೂ ಒಣ.

ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯಲ್ಲಿ ಎರಡೂ ಸುಳ್ಳು. ಹುಲಿಕಲ್ ಘಾಟಿಗೆ ಹತ್ತಿರದ ಈ ಊರಿನಲ್ಲಿ ವರ್ಷದ ಮಳೆ ಸಾಮಾನ್ಯವಾಗಿ 5,000 ಮಿಲಿಮೀಟರು ದಾಟುತ್ತದೆ. ಬೆಂಗಳೂರಿನದು 1,000 ಮಿಲಿಮೀಟರಿನ ಆಸುಪಾಸು. ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ ಧರೆಯಲ್ಲಿ ಜಲ ಒಡೆಯುತ್ತದೆ, ಬಾವಿಗೆ ಬಗ್ಗಿದರೆ ನೀರು ಕೈಗೆ ಸಿಗುತ್ತದೆ. ಬೇಸಗೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಕಕ್ಕಸು ಆಷಾಢದಲ್ಲಿ ಮುಷ್ಕರ ಹೂಡುವುದನ್ನು ಈ ಭಾಗದ ಮನೆಗಳಲ್ಲಿ ಕಂಡಿದ್ದೇನೆ. ಸುರಿದ ನೀರು ಇಳಿಯುವುದಿಲ್ಲ, ಪ್ಯಾನಿನಲ್ಲಿ ಗುಳುಗುಳು ಸದ್ದು, ಕೋಣೆಯಲ್ಲಿ ವಾಸನೆ. ಮನೆಯವರು ಪೈಪು ಕಟ್ಟಿದೆ ಎಂದುಕೊಂಡು ತಂತಿ ತೂರಿಸುತ್ತಾರೆ, ಆಸಿಡ್ ಸುರಿಯುತ್ತಾರೆ. ಪೈಪಿನಲ್ಲಿ ದೋಷವಿರುವುದಿಲ್ಲ. ದೋಷ ಇರುವುದು ಗುಂಡಿಯ ಗೋಡೆಯ ಹೊರಗಡೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಮೀಟರು ಅಗಲ, ಒಂದು ಮೀಟರು ಆಳದ ಗುಂಡಿಯ ಪಕ್ಕದ ಗೋಡೆ ಸುಮಾರು 3.14 ಚದರ ಮೀಟರು. ಸಾಧಾರಣ ಇಂಗುವ ಮಣ್ಣಿನಲ್ಲಿ ಚದರ ಮೀಟರಿಗೆ ದಿನಕ್ಕೆ 20 ಲೀಟರು ಇಂಗಿದರೆ ಒಟ್ಟು 63 ಲೀಟರು. ಐದು ಜನರ ಮನೆಯಲ್ಲಿ ತಲೆಗೆ 8 ಲೀಟರಿನಂತೆ ಸುರಿದರೆ 40 ಲೀಟರು; ಗುಂಡಿ ನಿಭಾಯಿಸುತ್ತದೆ. ಈಗ ಹೊರಗಿನ ಅಂತರ್ಜಲ ಗುಂಡಿಯ ಒಳಗಿನ ಮಟ್ಟಕ್ಕೆ ಏರಿತು ಎನ್ನಿ. ಎರಡೂ ಕಡೆ ಮಟ್ಟ ಸಮವಾದರೆ ಒತ್ತಡದ ವ್ಯತ್ಯಾಸವಿಲ್ಲ, ಹರಿವೂ ಇಲ್ಲ. ಸುರಿದ 40 ಲೀಟರು ಗುಂಡಿಯಲ್ಲೇ ನಿಂತರೆ ಮಟ್ಟ ದಿನಕ್ಕೆ 5 ಸೆಂಟಿಮೀಟರು ಏರುತ್ತದೆ. ಮಟ್ಟ ಏರಿದಾಗ ಒಂದಿಷ್ಟು ಮತ್ತೆ ಹೊರಗೆ ಜಿನುಗುತ್ತದೆ, ನಿಜ. ಆದರೆ ಆ ವೇಳೆಗೆ ನೀರು ಪೈಪಿನ ಬಾಯಿ ಮುಚ್ಚಿರುತ್ತದೆ. ಪೈಪಿನಲ್ಲಿ ಸಿಕ್ಕಿಬಿದ್ದ ಗಾಳಿಗೆ ದಾರಿ ಎಲ್ಲಿ? ಕೈಯಿಂದ ನೀರು ಸುರಿಯುವ ಪ್ಯಾನಿನ ಟ್ರ್ಯಾಪಿನಲ್ಲಿ ನಿಂತಿರುವ ನೀರಿನ ಬೀಗ ಕೇವಲ 20 ಮಿಲಿಮೀಟರು. ಅದಕ್ಕಿಂತ ತುಸು ಹೆಚ್ಚು ಒತ್ತಡ ಬಂದರೆ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳುಗುಳು ಸದ್ದಿನ ಗುಟ್ಟು ಇಷ್ಟೆ.

ಕೆಲವು ಮನೆಗಳಲ್ಲಿ ಇದಕ್ಕೆ ಫ್ಲಶ್ ಟ್ಯಾಂಕ್ ಹಾಕಿಸುವುದೇ ಮದ್ದು ಎಂದು ತಿಳಿದಿದ್ದಾರೆ. ಒಮ್ಮೆಗೆ 8 ಲೀಟರು, ಐದು ಜನ, ದಿನಕ್ಕೆ ನಾಲ್ಕು ಸಲ: 160 ಲೀಟರು. ಎರಡು ಲೀಟರಿಗೆಂದು ತೋಡಿದ ಗುಂಡಿಗೆ ನಾಲ್ಕು ಪಟ್ಟು ನೀರು ಬಿಟ್ಟ ಹಾಗಾಯಿತು. ಸ್ನಾನದ ನೀರನ್ನೂ ಅದಕ್ಕೇ ಜೋಡಿಸಿದವರಿದ್ದಾರೆ!

ಇನ್ನೊಂದು ಮದ್ದು ಆಳ. ‘ಹತ್ತಡಿ ತೋಡಿ, ರಿಂಗ್ ಇಳಿಸಿ, ಮಕ್ಕಳ ಕಾಲಕ್ಕೂ ತುಂಬುವುದಿಲ್ಲ’ ಎನ್ನುವ ಸಲಹೆ ಹಳ್ಳಿಗಳಲ್ಲಿ ಧಾರಾಳ. ಇದು ಅತ್ಯಂತ ಕೆಟ್ಟ ಸಲಹೆ. ಮೇಲುಪದರದ ಮಣ್ಣಿನಲ್ಲಿ ಗಾಳಿಯೂ ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳೂ ಹೆಚ್ಚು. ಅದನ್ನು ದಾಟಿ ಆಳಕ್ಕೆ ಹೋದಷ್ಟೂ ಗುಂಡಿಯ ತಳ ಅಂತರ್ಜಲಕ್ಕೆ ಹತ್ತಿರ, ಕೊನೆಗೆ ಅದರೊಳಗೇ. ಆ ನೀರೇ ಬಾವಿಯ ನೀರು.

ಇಲ್ಲಿ ನನ್ನ ಮುಖ್ಯ ಆಕ್ಷೇಪ. ಗ್ರಾಮೀಣ ಇಂಗುಗುಂಡಿಗಳಿಗೆಂದೇ ಭಾರತೀಯ ಮಾನಕ ಸಂಸ್ಥೆಯ ಸಂಹಿತೆ ಇದೆ: ಐಎಸ್ 12314, 1987ರದು. ನೀರು ಮೇಲೇರುವ ಜಾಗಗಳನ್ನು ತಜ್ಞರು ಮರೆತಿರಲಿಲ್ಲ. ಅಂತರ್ಜಲ ಎತ್ತರದಲ್ಲಿದ್ದರೆ ಪ್ಯಾನನ್ನೇ ಮೇಲೇರಿಸಿ, ಗುಂಡಿಗೆ ಬರುವ ಪೈಪಿನ ತಳ ಗರಿಷ್ಠ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಬೇಕು. ನೀರು ನಿಲ್ಲುವ ಜಾಗದಲ್ಲಿ ಗುಂಡಿಯ ಬಾಯಿಯನ್ನು ನೆಲದಿಂದ ಎತ್ತರಿಸಿ ಸುತ್ತ ಒಂದು ಮೀಟರು ಮಣ್ಣು ತುಂಬಿ ಗಟ್ಟಿಮಾಡಬೇಕು. ಬಾವಿ ಹತ್ತಿರವಿದ್ದರೆ ಗುಂಡಿಯ ತಳವನ್ನು ಮುಚ್ಚಿ, ಸುತ್ತ ಅರ್ಧ ಮೀಟರು ದಪ್ಪ ಮರಳು ಹಾಕಬೇಕು. ತಾಂತ್ರಿಕ ಕೈಪಿಡಿಗಳಲ್ಲಿರುವ ಈ ಮಾತುಗಳು ಗೋಡೆಯ ಚಿತ್ರಕ್ಕೆ ಬರುವಷ್ಟರಲ್ಲಿ ಉದುರಿಹೋಗಿವೆ. ಎತ್ತರಿಸಿದರೆ ನಾಲ್ಕು ಮೆಟ್ಟಿಲು ಬೇಕು, ಖರ್ಚು ಹೆಚ್ಚು. ಮಂಡ್ಯದ ಬಯಲಿಗೂ ಮಾಸ್ತಿಕಟ್ಟೆಯ ಗುಡ್ಡಕ್ಕೂ ಅದೇ 12,000 ರೂಪಾಯಿಯ ಪ್ರೋತ್ಸಾಹಧನ ಎಂದಾದಾಗ ಮೆಟ್ಟಿಲಿಗೆ ದುಡ್ಡೆಲ್ಲಿ?

ಆದರೆ ಸಂಹಿತೆಯೂ ಮಲೆನಾಡನ್ನು ಪೂರ್ತಿ ಅರಿತಿದೆ ಎನ್ನಲಾರೆ. ಬಾವಿಗೂ ಗುಂಡಿಗೂ ಇರಬೇಕಾದ ಅಂತರವನ್ನು ಅದು ಮಣ್ಣಿನ ಕಣದ ಗಾತ್ರದಿಂದ ನಿರ್ಧರಿಸುತ್ತದೆ. ಸಣ್ಣ ಕಣದ ಮಣ್ಣು, ತಳದಿಂದ ಎರಡು ಮೀಟರು ಕೆಳಗೆ ನೀರು ಎಂದಾದರೆ ಮೂರು ಮೀಟರು ಸಾಕು, ಇಲ್ಲದಿದ್ದರೆ ಹತ್ತು. ಜಂಬಿಟ್ಟಿಗೆಯ ನೆಲಕ್ಕೆ ಈ ಅಳತೆಗೋಲು ಹೊಂದುವುದಿಲ್ಲ. ಜಂಬಿಟ್ಟಿಗೆಯೊಳಗೆ ಬೆರಳು ತೂರುವಂಥ ರಂಧ್ರಗಳು, ಕೊಳವೆಯಂಥ ದಾರಿಗಳು ಇರುತ್ತವೆ. ನೀರು ಅಲ್ಲಿ ಸೋಸಿಕೊಂಡು ಇಳಿಯುವುದಿಲ್ಲ, ಓಡುತ್ತದೆ. ಸಾಲದ್ದಕ್ಕೆ ಮನೆ ದಿಬ್ಬದಲ್ಲಿ, ಬಾವಿ ತಗ್ಗಿನಲ್ಲಿ. ಹತ್ತು ಮೀಟರು ದೂರ ಎನ್ನುವುದಕ್ಕಿಂತ ಬಾವಿ ಮೇಲ್ಗಡೆಯೋ ಕೆಳಗಡೆಯೋ ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ.

2017ರ ಫೆಬ್ರವರಿಯಲ್ಲಿ ಕೇಂದ್ರ ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಅವರು ತೆಲಂಗಾಣದ ವಾರಂಗಲ್ ಬಳಿಯ ಗಂಗದೇವಿಪಲ್ಲಿಯಲ್ಲಿ ತಾವೇ ಗುಂಡಿಗೆ ಇಳಿದು ಗೊಬ್ಬರ ಎತ್ತಿದರು. ಪತ್ರಿಕೆಗಳಲ್ಲಿ ಚಿತ್ರ ಬಂತು. ಮೈಲಿಗೆಯ ಅಂಜಿಕೆಯನ್ನು ಮುರಿಯುವ ದಿಟ್ಟ ಕೆಲಸವದು, ಮೆಚ್ಚಬೇಕು. ಆದರೆ ಅದು ಬಯಲುಸೀಮೆಯ ಒಣ ಗುಂಡಿ. ಮಾಸ್ತಿಕಟ್ಟೆಯಲ್ಲಿ ಮುಚ್ಚಿಟ್ಟ ಗುಂಡಿಗೂ ಮಳೆಗಾಲದಲ್ಲಿ ಅಂತರ್ಜಲ ನುಗ್ಗಬಹುದು. ಒಳಗಿನದು ಒಣಗುವುದಿಲ್ಲ, ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. ದುಂಡುಹುಳುವಿನ ಮೊಟ್ಟೆಗಳು ತೇವದಲ್ಲಿ ವರ್ಷಕ್ಕೂ ಮೀರಿ ಬದುಕಬಲ್ಲವು. ಎರಡು ವರ್ಷವಾಯಿತು, ಗೊಬ್ಬರವಾಗಿದೆ ಎಂದು ಕ್ಯಾಲೆಂಡರು ನೋಡಿ ತೋಟಕ್ಕೆ ಎತ್ತಿಹಾಕುವ ಮೊದಲು ಕೋಲು ಇಳಿಸಿ ನೋಡಿ. ಒದ್ದೆಯಾಗಿ, ವಾಸನೆಯಾಗಿ ಬಂದರೆ ಮುಚ್ಚಳ ಮತ್ತೆ ಹಾಕಿ.

ಶಾಲೆಗಳು ಇಲ್ಲಿ ಮಾಡಬಹುದಾದ ಕೆಲಸವಿದೆ. ರಂಧ್ರ ಕೊರೆದ ಎರಡು ಮೀಟರು ಪಿವಿಸಿ ಕೊಳವೆಯನ್ನು ಗುಂಡಿ ತೋಡಬೇಕೆಂದಿರುವ ಜಾಗದಲ್ಲಿ ಮೇ ತಿಂಗಳಲ್ಲೇ ನೆಟ್ಟು, ಬಾಯಿಗೆ ಮುಚ್ಚಳ ಹಾಕಿ, ಸುತ್ತ ಮೇಲುನೀರು ಇಳಿಯದಂತೆ ಜೇಡಿಮಣ್ಣು ಮೆತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕೋಲು ಇಳಿಸಿ ನೀರಿನ ಮಟ್ಟ ಬರೆದಿಡಿ. ಅತಿ ಎತ್ತರದ ಗುರುತು ಸಿಕ್ಕಿತಲ್ಲ, ಪೈಪಿನ ತಳ ಅದಕ್ಕಿಂತ ಮೇಲಿರಬೇಕು. ಪೈಪಿಗೆ 15ಕ್ಕೆ 1ರಂತೆ ಇಳಿಜಾರು ಬೇಕು; ಗುಂಡಿ ನಾಲ್ಕು ಮೀಟರು ದೂರವಿದ್ದರೆ ಪ್ಯಾನಿನ ಕಡೆಯ ತುದಿ ಇನ್ನೂ 27 ಸೆಂಟಿಮೀಟರು ಮೇಲೆ. ಎಷ್ಟು ಮೆಟ್ಟಿಲು ಬೇಕೆಂಬುದು ಆಗ ತಾನಾಗಿ ಗೊತ್ತಾಗುತ್ತದೆ. ಜೊತೆಗೆ ಹತ್ತಿರದ ಬಾವಿಯ ನೀರನ್ನು ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಎಚ್2ಎಸ್ ಬಾಟಲಿಯಲ್ಲಿ ಪರೀಕ್ಷಿಸಿ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಪ್ರಕಟಿಸಿದ ಸುಲಭ ವಿಧಾನವಿದು. ಮಲದ ಸೋಂಕಿದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಏಪ್ರಿಲ್‌ನ ಬಾಟಲಿ ತಿಳಿಯಾಗಿದ್ದು ಜುಲೈನದು ಕಪ್ಪಾದರೆ ಎರಡನ್ನೂ, ಮಟ್ಟ ಬರೆದ ಪುಸ್ತಕವನ್ನೂ ಪಂಚಾಯಿತಿಯ ಎಂಜಿನಿಯರರ ಮೇಜಿನ ಮೇಲಿಡಿ. ಅಲ್ಲಿಯವರೆಗೆ ಆ ಬಾವಿಯ ನೀರನ್ನು ಕುದಿಸಿಯೇ ಕುಡಿಯಿರಿ.