ಬಿಸ್ತಾರೈ, ಬಿಸ್ತಾರೈ

ಬೆಟ್ಟ ಹತ್ತಿಸುವವರನ್ನು ನಾನು ತೂಗುವುದು ಗಾಯಕರನ್ನು ತೂಗುವ ಹಾಗೆ. ದನಿ ಆಮೇಲೆ, ಮೊದಲು ಲಯ. ಹೊರಟ ಮೊದಲ ಅರ್ಧ ಗಂಟೆಯಲ್ಲಿ ಯಾವ ಕಾಲಪ್ರಮಾಣ ಹಿಡಿಯುತ್ತಾರೆ ನೋಡಿದರೆ ಸಾಕು, ಉಳಿದ ಎಂಟು ದಿನ ಹೇಗೆಂದು ಗೊತ್ತಾಗಿಬಿಡುತ್ತದೆ. ಹಾಗೆ ನೋಡಿದರೆ ನಾನೇ ಬಹಳ ಕಾಲ ಬರೀ ದ್ರುತದವಳು. ಕುಮಾರ ಪರ್ವತದ ದಾರಿಯಲ್ಲಿ ಗಿರಿಗದ್ದೆಗೆ ಹುಡುಗರ ಸಮಸಮಕ್ಕೆ ತಲುಪಿದೆ ಎನ್ನುವುದೇ ನನ್ನ ಯೌವನದ ದೊಡ್ಡ ಪದಕ. ಸುತ್ತಲಿನ ಕಾಡು ಹೇಗಿತ್ತು ಅಂತ ಕೇಳಿದರೆ ಮುಂದಿನವನ ಬ್ಯಾಗಿನ ಬಣ್ಣ ಮಾತ್ರ ನೆನಪು.

ಆ ಚಟ ಬಿಡಿಸಿದ್ದು ನೇಪಾಳದ ಒಬ್ಬ ಗೈಡ್. ಇಪ್ಪತ್ತಾರರ ಆಸುಪಾಸಿನ ಹುಡುಗಿ, ಕರ್ನಾಲಿ ಕಡೆಯವಳು. ನನ್ನನ್ನು ‘ದಿದಿ’, ಎಂದರೆ ಅಕ್ಕ, ಎನ್ನುತ್ತಿದ್ದಳು; ನಾನು ‘ಬಹಿನಿ’, ಎಂದರೆ ತಂಗಿ, ಎನ್ನುತ್ತಿದ್ದೆ. ಅನ್ನಪೂರ್ಣಾ ದಾರಿಯಲ್ಲಿ ಟಿಖೇಢುಂಗಾದಿಂದ ಉಲ್ಲೇರಿಗೆ ಕಲ್ಲಿನ ಮೆಟ್ಟಿಲು, ಮೂರು ಸಾವಿರಕ್ಕೂ ಹೆಚ್ಚು ಎಂದು ಲೆಕ್ಕ ಹೇಳುತ್ತಾರೆ. ಈಗ ಉಲ್ಲೇರಿವರೆಗೆ ಜೀಪೇ ಹೋಗುತ್ತದೆ. ಜೀಪಿನಲ್ಲಿ ಹೋದವರ ಬಗ್ಗೆ ನನಗೆ ಏನೂ ಹೇಳಲಿಕ್ಕಿಲ್ಲ. ನಾನು ಅಭ್ಯಾಸಬಲದಿಂದ ದಾಪುಗಾಲು ಹಾಕಿದೆ. ಅವಳು ಹಿಂದಿನಿಂದ ಕೂಗಲಿಲ್ಲ, ಸುಮ್ಮನೆ ಬಂದು ನನ್ನ ಮುಂದೆ ನಿಂತು ನಡೆಯತೊಡಗಿದಳು. ಇಡೀ ಪಾದ ಊರಿ, ಒಂದು ಹೆಜ್ಜೆಗೆ ಒಂದು ಉಸಿರು. ದಾಟಿಹೋಗಲು ದಾರಿ ಕೊಡಲಿಲ್ಲ. ‘ಬಿಸ್ತಾರೈ, ಬಿಸ್ತಾರೈ’ ಎಂದಳು. ನಿಧಾನ, ನಿಧಾನ. ಕಿರಾಣಾ ಘರಾಣೆಯವರ ವಿಲಂಬಿತ ಕೇಳಿದವರಿಗೆ ಬೇರೆ ವಿವರಣೆ ಬೇಡ. ಏದುಸಿರಿಲ್ಲದೆ ಉಲ್ಲೇರಿ ತಲುಪಿದಾಗ ನನಗೆ ತುಸು ಅವಮಾನವೇ ಆಯಿತು.

ಇಂಥ ಹುಡುಗಿಯರು ಈ ದಾರಿಯಲ್ಲಿ ಕಾಣಸಿಗುವುದಕ್ಕೆ ಕಾರಣ ಪೋಖರಾದ ಒಂದು ಊಟದ ಮೇಜು. ಪೋಖರಾ ಎಂದರೆ ಫೇವಾ ಕೆರೆ, ಅದರೊಳಗೆ ತಲೆಕೆಳಗಾಗಿ ಬಿದ್ದ ಮಚ್ಛಾಪುಚ್ಛ್ರೆ ಶಿಖರ, ದಂಡೆಯುದ್ದಕ್ಕೂ ಲಾಡ್ಜು, ಬೇಕರಿ, ನಕಲಿ ಬ್ರ್ಯಾಂಡಿನ ಜಾಕೆಟ್ ಅಂಗಡಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಡಾರ್ಜಿಲಿಂಗ್ ಮೂಲದ ಮೂವರು ಅಕ್ಕತಂಗಿಯರು ಊಟ-ವಸತಿಯ ವ್ಯಾಪಾರ ಮಾಡುತ್ತಿದ್ದರು. ಲಕ್ಕಿ, ಡಿಕ್ಕಿ, ನಿಕ್ಕಿ ಛೇತ್ರಿ. ಬೆಟ್ಟ ಇಳಿದು ಬಂದ ಪರದೇಶದ ಹೆಂಗಸರು ಊಟಕ್ಕೆ ಕೂತಾಗ ಮನಸ್ಸು ಬಿಚ್ಚುತ್ತಿದ್ದರು: ಕರೆದೊಯ್ದ ಗಂಡಸರ ಕುಡಿತ, ಕೆಟ್ಟ ಮಾತು, ಮೈಮೇಲೆ ಬರುವ ಚಾಳಿ. ಕೇಳಿ ಅಯ್ಯೋ ಎಂದು ಇನ್ನೊಂದು ಸೌಟು ದಾಲ್ ಬಡಿಸಿ ಸುಮ್ಮನಿರಬಹುದಿತ್ತು. ಅವರು 1994ರಲ್ಲಿ ‘ತ್ರೀ ಸಿಸ್ಟರ್ಸ್’ ಟ್ರೆಕ್ಕಿಂಗ್ ಶುರುಮಾಡಿದರು. ಹೆಂಗಸರನ್ನು ಹೆಂಗಸರೇ ಕರೆದೊಯ್ಯುವುದು. ಛೇತ್ರಿ ಮನೆತನದ ಹೆಣ್ಣುಮಕ್ಕಳು ಅಪರಿಚಿತರ ಜೊತೆ ರಾತ್ರಿಗಟ್ಟಲೆ ಊರು ಬಿಟ್ಟಿರುವುದೆಂದರೆ ನಾಲ್ಕು ಜನ ಏನೆನ್ನುತ್ತಾರೋ ಅದನ್ನು ನಮ್ಮೂರ ಕಟ್ಟೆಯ ಮೇಲೂ ಕೇಳಬಹುದು.

ಕಂಪನಿ ಮಾತ್ರ ಇದ್ದಿದ್ದರೆ ಈ ಅಂಕಣದಲ್ಲಿ ಅದಕ್ಕೆ ಜಾಗವಿರುತ್ತಿರಲಿಲ್ಲ. 1999ರಲ್ಲಿ ಅವರು ‘ಎಂಪವರಿಂಗ್ ವಿಮೆನ್ ಆಫ್ ನೇಪಾಳ್’ ಎಂಬ ಸಂಸ್ಥೆ ಕಟ್ಟಿದರು. ಹೆಸರಿಗೆ ಪ್ರಾಜೆಕ್ಟ್ ವರದಿಯ ವಾಸನೆಯಿದೆ, ಕೆಲಸಕ್ಕಿಲ್ಲ. ಬಡ ಗುಡ್ಡಗಾಡಿನ ಹುಡುಗಿಯರನ್ನು, ಅದರಲ್ಲೂ ಪಶ್ಚಿಮ ನೇಪಾಳದವರನ್ನು ಕರೆತಂದು, ಚಾರಣಿಗರಿಲ್ಲದ ತಿಂಗಳುಗಳಲ್ಲಿ ನಾಲ್ಕು ವಾರದ ತರಬೇತಿ. ಇಂಗ್ಲಿಷು, ಪ್ರಥಮ ಚಿಕಿತ್ಸೆ, ಎತ್ತರದ ಕಾಯಿಲೆಯ ಲಕ್ಷಣ, ಗಿಡ-ಹಕ್ಕಿಗಳ ಗುರುತು. ಆಮೇಲೆ ಅನುಭವಸ್ಥರ ಜೊತೆ ಮೂಟೆ ಹೊತ್ತು ನಡೆಯುತ್ತ ಕಲಿಯುವುದು. ನಮ್ಮಲ್ಲಿ ಶಿಷ್ಯೆ ತಂಬೂರಿ ಹಿಡಿದು ಗುರುವಿನ ಹಿಂದೆ ಕೂರುವ ಹಾಗೆ.

ಅನ್ನಪೂರ್ಣೆಗೂ ಹೆಂಗಸರಿಗೂ ಇದಕ್ಕಿಂತ ಹಳೆಯ ಒಂದು ಪ್ರಸಿದ್ಧ ನಂಟಿದೆ. 1978ರಲ್ಲಿ ಆರ್ಲೀನ್ ಬ್ಲಮ್ ಮುಂದಾಳತ್ವದ ಅಮೆರಿಕದ ಮಹಿಳಾ ತಂಡ 8,091 ಮೀಟರಿನ ಶಿಖರಕ್ಕೆ ಬಂತು. ಅಕ್ಟೋಬರ್ 15ರಂದು ಇಬ್ಬರು ಮಹಿಳೆಯರು, ಇಬ್ಬರು ಶೆರ್ಪಾಗಳು ತುದಿ ಮುಟ್ಟಿದರು. ಎರಡನೇ ಪ್ರಯತ್ನಕ್ಕೆ ಹೋದ ಇಬ್ಬರು ಮಹಿಳೆಯರು ಮರಳಲಿಲ್ಲ. ಪರ್ವತಾರೋಹಣದ ಪುಸ್ತಕಗಳೆಲ್ಲ ಈ ಕಥೆ ಹೇಳುತ್ತವೆ, ಹೇಳಲೇಬೇಕು. ಆದರೆ ಅದೇ ಪರ್ವತದ ಬುಡದಲ್ಲಿ ಸೌದೆ ಹೊರುತ್ತಿದ್ದ ಹುಡುಗಿ ಗೈಡ್ ಎನ್ನಿಸಿಕೊಂಡು ಸಂಬಳ ಎಣಿಸಲು ಇನ್ನೂ ಒಂದೂವರೆ ದಶಕ ಕಾಯಬೇಕಾಯಿತು. ಯಾವುದು ಹೆಚ್ಚು ಕಡಿದಾದ ಏರು ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಆರೋಹಿ ಮಿತ್ರರು ಜಗಳಕ್ಕೆ ಬರಲಿ.

ನನ್ನ ನಡಿಗೆಗೆ ಮರಳಿದರೆ, ದೇವರಾಲಿ ಎಂಬಲ್ಲಿ, 3,200 ಮೀಟರಿನ ಆಸುಪಾಸಿನಲ್ಲಿ, ಒಂದು ರಾತ್ರಿ ನನಗೆ ಊಟ ಸೇರಲಿಲ್ಲ. ತಲೆನೋವಿತ್ತು, ಹೇಳಿರಲಿಲ್ಲ. ಹಳೆಯ ಪದಕದ ಗತ್ತು. ಬಹಿನಿ ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದಳು. ‘ನಿನ್ನೆ ಎರಡು ಸಲ ಭಾತ್ ಹಾಕಿಸಿಕೊಂಡವರು ಇವತ್ತು ಅರ್ಧ ಬಿಟ್ಟಿದ್ದೀರಿ, ದಿದಿ.’ ಮರುದಿನ ಒಂದೇ ಏಟಿಗೆ 4,130 ಮೀಟರಿನ ಬೇಸ್ ಕ್ಯಾಂಪಿಗೆ ಹೋಗುವ ಯೋಜನೆಯನ್ನು ಅಲ್ಲೇ ಮುರಿದಳು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಎಂಬುದು ಪುಸ್ತಕದ ನಿಯಮ. ಅದನ್ನು ಬಾಯಿಪಾಠ ಮಾಡಿದ ಗೈಡುಗಳನ್ನು ಬೇಕಾದಷ್ಟು ನೋಡಿದ್ದೇನೆ. ತಟ್ಟೆಯಲ್ಲಿ ಮಿಕ್ಕ ಅನ್ನದಲ್ಲಿ ಅದನ್ನು ಓದಿದವಳು ಇವಳೊಬ್ಬಳೇ. ನಡುವೆ 3,700ರಲ್ಲಿ ಒಂದು ರಾತ್ರಿ ಉಳಿದೆವು. ತಂಡದ ಒಬ್ಬರು ದಿನ ಹಾಳಾಯಿತೆಂದು ಗೊಣಗಿದರು. ಅವಳು ನಕ್ಕು ಚಹಾ ತರಿಸಿದಳು.

ಆ ರಾತ್ರಿ ಒಂದೇ ಕೋಣೆಯಲ್ಲಿ ಮಲಗಿ ಮಾತಾಡಿದೆವು. ಅವಳ ಊರಲ್ಲಿ ಮುಟ್ಟಾದ ಹೆಂಗಸು ಮನೆಯಾಚೆ ದನದ ಕೊಟ್ಟಿಗೆಯಂಥ ಗುಡಿಸಲಲ್ಲಿ ಮಲಗಬೇಕು. ಛೌಪಡಿ ಎನ್ನುತ್ತಾರೆ, 2017ರ ಕಾನೂನು ಅದನ್ನು ಅಪರಾಧವೆಂದಿದೆ, ಗುಡಿಸಲುಗಳು ಎಲ್ಲ ಕಡೆ ಬಿದ್ದಿಲ್ಲ. ಇಂಥದೇ ಪದ್ಧತಿಯನ್ನು ತುಮಕೂರು, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಕಂಡಿದ್ದ ನನಗೆ ಮಾತು ಹೊರಡಲಿಲ್ಲ. ಅವಳಿಗೇನೂ ಅಳು ಬರಲಿಲ್ಲ. ‘ಇವತ್ತು ನನಗೆ ಎರಡನೇ ದಿನ’ ಎಂದಳು, ಕಂಬಳಿ ಎಳೆದುಕೊಂಡಳು, ಐದು ನಿಮಿಷಕ್ಕೆ ಗೊರಕೆ.

ಇಳಿಯುವಾಗ ಘಾಂದ್ರುಕ್ ಮೇಲಿಂದ ಬಂದೆವು. ಗುರುಂಗರ ಊರು. ಗಂಡಸರು ತಲೆಮಾರುಗಳಿಂದ ಗೂರ್ಖಾ ಪಲ್ಟಣಗಳಿಗೆ ಹೋದವರು. ಹಿಂದೆ ರಣಜಿತ್ ಸಿಂಗನ ಸೈನ್ಯ ಸೇರಲು ಲಾಹೋರಿಗೆ ಹೋಗುತ್ತಿದ್ದರಿಂದ ಇಂದಿಗೂ ಸಿಪಾಯಿಗೆ ‘ಲಾಹುರೆ’ ಎನ್ನುತ್ತಾರೆ. ರಜೆಗೆ ಬಂದ ಲಾಹುರೆಯನ್ನು ಹೆಂಗಸರು ಹಾಡಿ ಕುಣಿದು ಎದುರುಗೊಂಡು ಕಾಸು ಕೇಳಿ ಪಡೆಯುವುದು ಪದ್ಧತಿ. ಆ ಕಾಸೇ ‘ಆಮಾ ಸಮೂಹ’ಗಳ, ಎಂದರೆ ತಾಯಂದಿರ ಕೂಟಗಳ ಮೂಲ ಬಂಡವಾಳ. 1986ರಲ್ಲಿ ಅನ್ನಪೂರ್ಣಾ ಸಂರಕ್ಷಣಾ ಯೋಜನೆ ಇದೇ ಊರಲ್ಲಿ ಶುರುವಾದಾಗ ಈ ಕೂಟಗಳಿಗೆ ಇನ್ನಷ್ಟು ಬಲ ಬಂತು. ಕಾಲುದಾರಿಗೆ ಕಲ್ಲು ಹಾಸಿಸುವುದು, ಕಸ ಎತ್ತುವುದು, ಕುಡುಕರಿಗೆ ದಂಡ ಹಾಕುವುದು, ಎಲ್ಲ ಅವರದೇ. ನಾವು ‘ಎಷ್ಟು ಚಂದದ ಟ್ರೇಲ್’ ಎಂದು ಫೋಟೊ ಹಾಕುತ್ತೇವಲ್ಲ, ಆ ಚಪ್ಪಡಿಗಳ ಎಷ್ಟೋ ಭಾಗಕ್ಕೆ ಹೆಂಗಸರ ಕುಣಿತದ ದುಡ್ಡು ಸಂದಿದೆ. ಲಾಡ್ಜುಗಳ ಒಲೆ, ಲೆಕ್ಕ, ಬೀಗದ ಕೈ ಕೂಡ ಬಹುಪಾಲು ದಿದಿಯರ ಸೊಂಟದಲ್ಲೇ. ಅಂದ ಹಾಗೆ, ಕೋಣೆ ಬಾಡಿಗೆ ಅಗ್ಗ, ಗಳಿಕೆ ಇರುವುದು ಅಡುಗೆಯಲ್ಲಿ. ಮಲಗಿದಲ್ಲೇ ಉಣ್ಣಿ. ಬೆಂಗಳೂರಿಂದ ಚಟ್ನಿಪುಡಿ, ಎಂಟಿಆರ್ ಪೊಟ್ಟಣ ಹೊತ್ತು ಹೋಗಿ ಬಿಸಿನೀರು ಮಾತ್ರ ಕೇಳುವ ನಮ್ಮವರನ್ನು ಕಂಡು ನಾನು ಹಲವು ಸಲ ಮುಖ ತಿರುಗಿಸಿದ್ದೇನೆ.

2023ರ ಏಪ್ರಿಲ್ 1ರಿಂದ ನೇಪಾಳ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಮಾಡಿದೆ. ಜಾರಿ ಎಲ್ಲ ಕಡೆ ಒಂದೇ ಸಮನಿಲ್ಲ, ಒಂಟಿ ನಡಿಗೆಯ ವ್ರತಧಾರಿಗಳಿಗೆ ಸಿಟ್ಟೂ ಇದೆ. ನಿಯಮವಿರಲಿ ಬಿಡಲಿ, ಹೋಗುವವರು ಹೆಂಗಸೇ ಆಗಲಿ ಗಂಡಸೇ ಆಗಲಿ, ಗೈಡ್ ಬುಕ್ ಮಾಡುವಾಗ ‘ಬಹಿನಿ ಸಿಗುತ್ತಾರಾ?’ ಎಂದು ಒಂದು ಮಾತು ಕೇಳಿ.

ಕೊನೆಯ ದಿನದ ಇಳಿಜಾರಿನಲ್ಲಿ ನನ್ನ ಮಂಡಿ ಮುಷ್ಕರ ಹೂಡಿತ್ತು. ಬಿಸ್ತಾರೈಗೆ ನಿಮ್ಮ ಭಾಷೆಯಲ್ಲಿ ಏನು ಎಂದು ಬಹಿನಿ ಕೇಳಿದಳು, ಹೇಳಿಕೊಟ್ಟೆ. ಕಳೆದ ತಿಂಗಳು ಪರಿಚಯದವರೊಬ್ಬರು ಅದೇ ದಾರಿಯಲ್ಲಿ ಹೋಗಿ ಬಂದು ಫೋನು ಮಾಡಿದರು: ‘ಉಲ್ಲೇರಿ ಮೆಟ್ಟಿಲಲ್ಲಿ ಯಾರೋ ನೇಪಾಳಿ ಹುಡುಗಿ ನಮ್ಮನ್ನು ಅಡ್ಡಗಟ್ಟಿ “ನಿಧಾನಾ, ನಿಧಾನಾ” ಅಂದಳು ಕಣೇ!’