ಮುದುಕಿಯರ ಲೆಕ್ಕ

ಗ್ರೇಟರ್ ನೋಯ್ಡಾದಲ್ಲಿ ನಾವಿರುವ ಅಪಾರ್ಟ್‌ಮೆಂಟಿನ ಹಿಂಬದಿ ಗೇಟಿನ ಬಳಿ ಒಂದು ಬೇವಿನ ಮರ. ಅದರಡಿ ಅಜ್ಜಿಯೊಬ್ಬರು ಇಸ್ತ್ರಿ ಮೇಜು ಹಾಕಿಕೊಂಡಿದ್ದಾರೆ. ಎಲ್ಲರೂ ಕರೆಯುವಂತೆ ನಾನೂ 'ಅಮ್ಮಾ' ಎನ್ನುತ್ತೇನೆ. ಓದು ಬರಹ ಬಾರದು. ಯಾವ ಮನೆಯಿಂದ ಎಷ್ಟು ಬಟ್ಟೆ ಬಂತೆಂದು ಕಾಂಪೌಂಡ್ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿಡುತ್ತಾರೆ. ಒಮ್ಮೆ ನಾನು ಎಣಿಸದೆ ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟಿದ್ದೆ. ಮೂರು ದಿನದ ಮೇಲೆ ನನ್ನನ್ನು ಕೂಗಿ ಕರೆದು, ಸೆರಗಿನ ಗಂಟು ಬಿಚ್ಚಿ, ಆ ನೋಟನ್ನು ಕೈಗಿಟ್ಟರು. ಆಗ ನನಗೆ ವಾರ್ಸಾದ ಇನ್ನೊಬ್ಬ ಮುದುಕಿ ನೆನಪಾದಳು.

ಯಿಡ್ಡಿಷ್ ಕತೆಗಾರ ಐಸಾಕ್ ಬಾಶೆವಿಸ್ ಸಿಂಗರ್‌ಗೆ 1978ರಲ್ಲಿ ನೊಬೆಲ್ ಬಂತು. ಬಾಲ್ಯದ ನೆನಪುಗಳ 'ಇನ್ ಮೈ ಫಾದರ್ಸ್ ಕೋರ್ಟ್' ಪುಸ್ತಕದಲ್ಲಿ ಅವನು ತಮ್ಮ ಮನೆಯ ಬಟ್ಟೆ ಒಗೆಯುತ್ತಿದ್ದ ಮುದುಕಿಯ ಬಗ್ಗೆ ಬರೆದಿದ್ದಾನೆ. ಎಪ್ಪತ್ತು ದಾಟಿದ ಜೀವ. ಮಗ ಸಿರಿವಂತ, ತನ್ನ ಮದುವೆಗೂ ತಾಯಿಯನ್ನು ಕರೆಯದವನು. ಒಂದು ಕಡುಚಳಿಗಾಲದಲ್ಲಿ ದೊಡ್ಡ ಗಂಟು ಹೊತ್ತು ಹೋದವಳು ವಾರಗಟ್ಟಲೆ ಪತ್ತೆಯಿಲ್ಲ. ಸತ್ತಳೆಂದೇ ಮನೆಯವರು ತಿಳಿದರು. ಒಂದು ಸಂಜೆ ಅದೇ ಗಂಟಿನ ಸಮೇತ ಬಾಗಿಲಲ್ಲಿ ನಿಂತಿದ್ದಳು. ಹಾಸಿಗೆ ಹಿಡಿದಿದ್ದಳು, ಪರರ ಬಟ್ಟೆ ತನ್ನಲ್ಲಿ ಉಳಿದಿರುವಾಗ ಪ್ರಾಣ ಹೋಗಲೊಲ್ಲದೆ ಎದ್ದು ಒಗೆದು ತಂದಿದ್ದಳು. ಕೂಲಿ ಪಡೆದು ಹೋದವಳು ಮತ್ತೆ ಬರಲಿಲ್ಲ.

ಈಕೆ ಯೆಹೂದಿಯಲ್ಲ, ರಬ್ಬಿಯಾಗಿದ್ದ (ಯೆಹೂದಿ ಧರ್ಮಗುರು) ಸಿಂಗರನ ತಂದೆಯ ಮನೆಯ ಮೈಲಿಗೆ ಬಟ್ಟೆ ಹೊತ್ತ ಅನ್ಯಧರ್ಮದವಳು. ಯೆಹೂದಿ ಸಾಹಿತ್ಯದಲ್ಲಿ ದುಡಿಯುವ ಮುದುಕಿಯ ಬಗ್ಗೆ ನಾನು ಓದಿದ ಅತ್ಯಂತ ಗೌರವದ ಮಾತುಗಳು ಹೊರಗಿನವಳೊಬ್ಬಳಿಗೆ ಸಂದಿವೆ. ಇದು ಸಣ್ಣ ಸಂಗತಿಯಲ್ಲ. ಎಸ್. ವೈ. ಅಗ್ನೋನ್‌ನ 'ತೆಹಿಲಾ'ದಲ್ಲಿ (1950) ಜೆರುಸಲೇಮಿನ ನೂರ ನಾಲ್ಕು ವರ್ಷದ ಮುದುಕಿ ಇದ್ದಾಳೆ. ಎಳೆತನದಲ್ಲಿ ತಂದೆ ಮುರಿದುಹಾಕಿದ ಮದುವೆಯ ಮಾತಿಗಾಗಿ, ಎಂದೋ ತೀರಿಹೋದ ಆ ವರನಿಗೆ ಕ್ಷಮೆ ಕೇಳುವ ಕಾಗದ ಬರೆಸಿ, ಅದನ್ನು ತನ್ನ ಗೋರಿಗೆ ಒಯ್ಯುತ್ತಾಳೆ. ಅವಳೂ ಸಿಂಗರನ ಮುದುಕಿಯೂ ಮಾಡುವುದು ಒಂದೇ ಕೆಲಸ: ಯಾರ ಋಣವನ್ನೂ ಉಳಿಸಿಕೊಳ್ಳದೆ ಹೊರಡುವುದು.

ಕನ್ನಡಕ್ಕೆ ಈ ಲೆಕ್ಕ ಹೊಸದಲ್ಲ. ಹನ್ನೆರಡನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ವಾಪಸು ಸುರಿದು ಬರಲು ಹೇಳಿದಳು. ಯೆಹೂದಿ ಧರ್ಮಗ್ರಂಥದ ರೂತಳೂ ಮುದಿ ಅತ್ತೆ ನವೊಮಿಗಾಗಿ ಹೊಲದಲ್ಲಿ ಹಕ್ಕಲು ಆಯ್ದವಳು. ಲಕ್ಕಮ್ಮ ಮುದುಕಿಯೆಂದು ನಾನು ಹೇಳುತ್ತಿಲ್ಲ. ಆದರೆ ಇಲ್ಲಿ ಹೆಸರಿಸುವ ಕನ್ನಡದ ಎಲ್ಲ ಮುದುಕಿಯರಿಗೂ ಅವಳೇ ಹಿರಿಯಳು.

ಕನ್ನಡದ ಓದುಗರಿಗೆ ಅಜ್ಜಿ ಎಂದೊಡನೆ ಕಾರಂತರ ಮೂಕಜ್ಜಿ ಕಣ್ಣಮುಂದೆ ಬರುತ್ತಾಳೆ. 'ಮೂಕಜ್ಜಿಯ ಕನಸುಗಳು' (1968) ಕಾರಂತರಿಗೆ 1977ರಲ್ಲಿ ಜ್ಞಾನಪೀಠ ತಂದಿತು. ದೊಡ್ಡ ಕೃತಿ, ಅನುಮಾನವಿಲ್ಲ. ಆದರೆ ಅವಳ ಘನತೆ ಅವಳ ಕಾಣ್ಕೆಯದು. ಕಾಲಗಳನ್ನು ದಾಟಿ ನೋಡಬಲ್ಲಳೆಂದು ಅವಳು ದೊಡ್ಡವಳು. ಆ ಬೆಳಕಿನಲ್ಲಿ ನಾವು ಅಜ್ಜಿಯರಿಂದ ಜ್ಞಾನ ನಿರೀಕ್ಷಿಸುವುದನ್ನು ಕಲಿತೆವು, ಅವರ ಕೂಲಿ ಎಷ್ಟೆಂದು ಕೇಳುವುದನ್ನು ಕಲಿಯಲಿಲ್ಲ. ಕಾರಂತರೇ ಅದಕ್ಕೂ ಬಹಳ ಮೊದಲು 'ಮರಳಿ ಮಣ್ಣಿಗೆ'ಯಲ್ಲಿ ಪಾರೋತಿ, ಸರಸೋತಿಯರನ್ನು ಬರೆದಿದ್ದರು. ದುಡಿದು ದುಡಿದೇ ಮುದುಕಿಯರಾದ ಆ ಇಬ್ಬರು ಮೂಕಜ್ಜಿಯಷ್ಟು ನಮ್ಮ ಮಾತಿನಲ್ಲಿ ಉಳಿಯಲಿಲ್ಲ. ಇದು ಓದುಗರಾದ ನಮ್ಮ ತಪ್ಪು.

ಮಾಸ್ತಿಯವರ ಮೊಸರಿನ ಮಂಗಮ್ಮನ ಹೆಸರಿನ ಹಿಂದೆಯೇ ಅವಳ ವ್ಯಾಪಾರವಿದೆ. ಮೊಮ್ಮಗನಿಗೆ ಬಿದ್ದ ಏಟಿನ ಮೇಲೆ ಸೊಸೆಯೊಂದಿಗೆ ಜಗಳವಾಗಿ ಬೇರೆಯಾದವಳು, ತಾನು ದುಡಿದ ದುಡ್ಡಲ್ಲಿ ತನಗೆಂದೇ ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಆ ರವಿಕೆ ನನಗೆ ಬಲು ಇಷ್ಟ. ಬಡ ಮುದುಕಿಗೂ ಚಂದದ ಆಸೆ ಇರಬಹುದೆಂದು ಮಾಸ್ತಿ ಎಷ್ಟು ಸಹಜವಾಗಿ ಹೇಳಿಬಿಡುತ್ತಾರೆ! ಆದರೆ ಕತೆ ನಡೆಯುವುದು ಮೊಸರು ಕೊಳ್ಳುವ ಮನೆಯ ಕಡೆಯಿಂದ. ಸಿಂಗರನೂ ಬಟ್ಟೆ ಕೊಡುವ ಮನೆಯ ಹುಡುಗ. ಬೇವಿನ ಮರದ ಅಮ್ಮನ ಬಗ್ಗೆ ಬರೆಯುವಾಗ ನಾನೂ ನಿಂತಿರುವುದು ಅದೇ ಕಡೆ. ಈ ಕಡೆಯಿಂದ ನೋಡಿದರೆ ಮುದುಕಿ ತೀರಿಸಿದ ಋಣ ಎದ್ದು ಕಾಣುತ್ತದೆ. ಅವಳಿಗೆ ಸಲ್ಲಬೇಕಾದ್ದು ಅಷ್ಟು ಕಾಣುವುದಿಲ್ಲ. ಋಣ ತೀರಿಸುವ ಮುದುಕಿಯನ್ನು ಹೊಗಳುವುದು ಕೆಲಸ ಕೊಡುವವರಿಗೆ ಸುಲಭ. ಸಿಂಗರ್‌ನನ್ನು ನಾನು ಬಹಳ ಪ್ರೀತಿಸುತ್ತೇನೆ, ಆದರೂ ಅವನ ಮೇಲೆ ಈ ಆಕ್ಷೇಪ ಇದ್ದೇ ಇದೆ. ಅಷ್ಟು ಕಾಲ ಮನೆಗೆ ಬಂದುಹೋದ ಆ ಹೆಂಗಸಿಗೆ ಅವನ ಬರಹದಲ್ಲಿ ಹೆಸರಿಲ್ಲ.

ಈ ನೋಟದ ದಿಕ್ಕನ್ನೇ ತಿರುಗಿಸಿದ್ದು ದೇವನೂರ ಮಹಾದೇವ ಅವರ 'ಒಡಲಾಳ'. ಅದರಲ್ಲಿ ಮುದುಕಿ ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಒಂದು ಹುಂಜ, ಅಷ್ಟೇ. ಆದರೆ ಅದು ಅವಳದು. ಅದನ್ನು ಕೇಳಲು ಅವಳು ಯಾರ ಮುಂದೆಯೂ ನಾಚುವುದಿಲ್ಲ. ಸಾಹುಕಾರನ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಒಲೆ ಸುತ್ತ ಕೂತು ರಾತ್ರಿಯಿಡೀ ತಿಂದು ಮುಗಿಸುವ ಆ ಪುಟಗಳಲ್ಲಿ ಕಳವು ಯಾರದು, ಯಾರಿಂದ ಯಾರಿಗೆ ಬಾಕಿ ಎಂಬ ಪ್ರಶ್ನೆಯೇ ಬುಡಮೇಲಾಗುತ್ತದೆ. ಹುಡುಕಲು ಪೊಲೀಸರು ಬರುವುದು ಕಡಲೆಕಾಯಿಯನ್ನು. ಸಾಕವ್ವನ ಹುಂಜಕ್ಕೆ ಯಾವ ಠಾಣೆಯೂ ಇಲ್ಲ. ಇಲ್ಲಿ ನಡುವೆ ನಿಂತು ಕತೆ ಹೇಳುವ ಯಜಮಾನರ ಮನೆಯಿಲ್ಲ. ಸಾಕವ್ವನ ಬಾಯಲ್ಲಿ ಅವಳದೇ ಸೀಮೆಯ ಮಾತು, ಅವಳದೇ ಬೈಗುಳ. ನಮ್ರತೆ ಅವಳ ಗುಣಗಳಲ್ಲಿ ಒಂದಲ್ಲ, ಆದರೂ ಅವಳ ಘನತೆಗೆ ಕುಂದಿಲ್ಲ.

ತಮ್ಮದನ್ನು ಕೇಳಲು ನಾಚದ ಮುದುಕಿಯರು ನಾನಿರುವ ಊರಲ್ಲೂ ಇದ್ದಾರೆ. 2023ರಲ್ಲಿ ಗ್ರೇಟರ್ ನೋಯ್ಡಾ ಪ್ರಾಧಿಕಾರದ ಕಚೇರಿಯೆದುರು ಭೂಮಿ ಬಿಟ್ಟುಕೊಟ್ಟ ರೈತರು ಧರಣಿ ಕೂತರು. ಜೊತೆಗೆ ಸುತ್ತಲ ಹಳ್ಳಿಗಳ ಹೆಂಗಸರೂ ಕೂತರು, ಮುದುಕಿಯರೂ ಇದ್ದರು. ಬೆರಣಿ ತಟ್ಟಿ, ಗುಡಿಸಲಿನಂತೆ ಒಟ್ಟಿ 'ಬಿಟೋರಾ' ಕಟ್ಟುವ ಕೈಗಳು ಇವು. ನನಗೆ ಅವರು ಸಾಕವ್ವನ ನೆಂಟರು. ತಮ್ಮ ಬಾಕಿ ಕೇಳಲು ಬಂದವರು.

ಬಾನು ಮುಷ್ತಾಕ್ ಅವರ ಯಾಸೀನ್ ಬುವಾ ಕೂಡ ಬಾಕಿ ಬರಬೇಕಾದವಳೇ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ, ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿ ಅವಳ ಕತೆಯಿದೆ. ಮನೆಮನೆಯಲ್ಲಿ ದುಡಿದು ಕೂಡಿಟ್ಟ ದುಡ್ಡನ್ನು ಹಜ್ ಯಾತ್ರೆಗೆ ಹೊರಟ ಸಿರಿವಂತೆ ಶಾಜಿಯಾಳ ಕೈಗಿಟ್ಟು, ಮೆಕ್ಕಾದ ಪವಿತ್ರ ಝಮ್‌ಝಮ್ ನೀರಲ್ಲಿ ಅದ್ದಿದ ಒಂದು ಕಫನ್ (ಹೆಣಕ್ಕೆ ಸುತ್ತುವ ಬಟ್ಟೆ) ತಂದುಕೊಡಿ ಎಂದು ಕೇಳುತ್ತಾಳೆ. ಶಾಜಿಯಾ ತನಗೆ ಬೇಕಾದ್ದೆಲ್ಲ ಕೊಂಡು ತಂದಳು, ಅದೊಂದನ್ನು ತರಲಿಲ್ಲ. ಬುವಾ ಸತ್ತಾಗ ಮಗ ಬಂದು ಕಫನ್ ಕೇಳುತ್ತಾನೆ. ಸಿಂಗರನಲ್ಲಿ ಬಡ ಮುದುಕಿ ಸಿರಿವಂತರಲ್ಲದ ಒಂದು ಮನೆಯ ಬಟ್ಟೆಯನ್ನು ಸಾವಿನಂಚಿನಿಂದ ಹಿಂತಿರುಗಿಸಿದಳು. ಬಾನು ಅವರಲ್ಲಿ ಸಿರಿವಂತೆ ಬಡವಳ ಕೊನೆಯ ಬಟ್ಟೆಯನ್ನೂ ಕೊಡಲಾರದೆ ಹೋದಳು. ಅಳುವ ಸರದಿ ಇಲ್ಲಿ ಶಾಜಿಯಾಳದು. ಕೆಲಸ ಕೊಡುವವರ ಕಡೆಯಿಂದಲೇ ಕತೆ ಹೇಳಿಯೂ ಬಾನು ಅವರು ಆ ಕಡೆಯ ನೆಮ್ಮದಿಯನ್ನು ಕಿತ್ತುಕೊಳ್ಳುತ್ತಾರೆ. ಮಾಸ್ತಿ ಮಾಡದ ಕೆಲಸ ಇದು.

ನನ್ನ ತೀರ್ಮಾನದಲ್ಲಿ ಈ ಸಾಲಿನಲ್ಲಿ ಸಾಕವ್ವನೇ ಎಲ್ಲರಿಗಿಂತ ಎತ್ತರ. ಅವಳ ಪಕ್ಕದಲ್ಲಿ ಯಾಸೀನ್ ಬುವಾ. ಸಿಂಗರನ ಬಟ್ಟೆ ಒಗೆಯುವವಳ ಕತೆಯನ್ನೂ ಬಾನು ಅವರ ಕಫನ್ ಕತೆಯನ್ನೂ ಒಂದೇ ಸಂಜೆ ಕೂತು ಓದಿ. ಮರುದಿನ ನಿಮ್ಮ ಮನೆಗೆ ದುಡಿಯಲು ಬರುವ ಮುದುಕಿಯ ಹೆಸರು ಕೇಳಿ, ಬಾಕಿ ಏನಾದರೂ ಇದ್ದರೆ ಕೊಟ್ಟುಬಿಡಿ.