ಸಂಶೋಧನೆ ಯಾರ ಸೊತ್ತು? – ಲಿಂಡಾ ತುಹಿವೈ ಸ್ಮಿತ್ ಅವರ ಕೃತಿಯ ಮರುಓದು

ಮಾವೋರಿ ವಿದ್ವಾಂಸೆ ಲಿಂಡಾ ತುಹಿವೈ ಸ್ಮಿತ್ ಅವರ ‘ಡಿಕಾಲನೈಸಿಂಗ್ ಮೆಥಡಾಲಜೀಸ್’ 1999ರಲ್ಲಿ ಪ್ರಕಟವಾಯಿತು. ಸಮಾಜಕಾರ್ಯದ ಶಿಕ್ಷಣದಲ್ಲಿ ಅದಕ್ಕೆ ದೊರೆತ ಸ್ಥಾನ ದೈವಶಾಸ್ತ್ರದ ತರಗತಿಯಲ್ಲೂ ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ. ವಸಾಹತು ಆಳ್ವಿಕೆಯಲ್ಲಿ ಮೂಲನಿವಾಸಿಗಳ ನೆಲ, ತಲೆಬುರುಡೆ, ಕಥೆ ಎಲ್ಲವೂ ಅಳತೆಗೆ, ಸಂಗ್ರಹಕ್ಕೆ ಒಳಗಾದವು. ಆದ್ದರಿಂದ ‘ಸಂಶೋಧನೆ’ ಎಂಬ ಪದವೇ ಅವರಿಗೆ ಮಲಿನವಾಗಿದೆ ಎನ್ನುತ್ತಾರೆ ಲೇಖಕಿ. ಈ ಅಧ್ಯಯನ ಯಾರಿಗೆ ಬೇಕಿತ್ತು, ಅದರ ಒಡೆತನ ಯಾರದು, ಫಲ ಯಾರಿಗೆ ಎಂಬ ಅವರ ಪ್ರಶ್ನೆಗಳು ಸರಳ. ಉತ್ತರಿಸುವುದು ಮಾತ್ರ ಕಷ್ಟ.

ಅವರ ನಾಡಿನದೇ ಒಂದು ನಿದರ್ಶನವನ್ನು ಗಮನಿಸೋಣ. ಜಾನ್ ರಂಗಿಹಾವು ನೇತೃತ್ವದ ಸಮಿತಿಯ ‘ಪುವಾವೊ-ತೆ-ಅತಾ-ತು’ (ಅರುಣೋದಯ) ವರದಿ 1988ರಲ್ಲಿ ಹೊರಬಂದಿತು. ನ್ಯೂಜಿಲೆಂಡಿನ ಸಮಾಜ ಕಲ್ಯಾಣ ಇಲಾಖೆಯ ವ್ಯವಸ್ಥೆಯೊಳಗೇ ಜನಾಂಗಭೇದ ಬೇರೂರಿದೆ ಎಂದು ಅದು ನೇರವಾಗಿ ಹೇಳಿತು. 1989ರ ಕಾಯ್ದೆ ಕುಟುಂಬ ಸಮಾಲೋಚನಾ ಸಭೆಯನ್ನು ಜಾರಿಗೆ ತಂದಿತು. ಮಗುವೊಂದು ಅಪಾಯದಲ್ಲಿದ್ದರೆ ಬಂಧುಬಳಗವೆಲ್ಲ ಕುಳಿತು ದಾರಿ ಹುಡುಕುವ ಕ್ರಮವಿದು. ಹೀಗೆ ಕುಲದ ವಿವೇಕ ಕಾನೂನಿನೊಳಗೆ ಪ್ರವೇಶ ಪಡೆಯಿತು. ಆದರೆ ಆ ನಿರ್ಣಯಕ್ಕೆ ಇಲಾಖೆಯ ಒಪ್ಪಿಗೆ ಬೇಕು, ಹಣವೂ ಇಲಾಖೆಯದೇ. ಸಭೆಯ ಕ್ರಮವನ್ನು ಬೇರೆ ದೇಶಗಳೂ ಒಂದು ತಂತ್ರವಾಗಿ ಎರವಲು ಪಡೆದವು. ಇತ್ತ 2021ರಲ್ಲಿ, ಮಾವೋರಿಗಳಿಗೆ ತಮ್ಮ ಮನೆವಾರ್ತೆಯ ಮೇಲೆ ನೀಡಿದ್ದ ಅಧಿಕಾರದ ಭರವಸೆಯನ್ನು ಸರ್ಕಾರ ಮುರಿದಿದೆ ಎಂದು ವೈತಾಂಗಿ ನ್ಯಾಯಮಂಡಳಿ ತೀರ್ಮಾನಿಸಿತು. ಜ್ಞಾನವನ್ನು ಪಡೆದವರು ಅಧಿಕಾರವನ್ನು ಬಿಟ್ಟುಕೊಟ್ಟಿರಲಿಲ್ಲ.

ಕೃತಿಯ ಬಗ್ಗೆ ನಮ್ಮ ಆಕ್ಷೇಪವೂ ಇಲ್ಲಿಯೇ ಇದೆ. ಸ್ಮಿತ್ ಪಟ್ಟಿಮಾಡುವ 25 ಮೂಲನಿವಾಸಿ ಯೋಜನೆಗಳು ಎಷ್ಟು ಚುಟುಕಾಗಿವೆಯೆಂದರೆ, ಅವಸರದ ಅಧ್ಯಾಪಕ ಅವನ್ನು ಪಠ್ಯಕ್ರಮದ ಘಟಕಗಳನ್ನಾಗಿ ಮಾಡಿ ಮುಗಿಸಬಲ್ಲ. ಅದು ಲೇಖಕಿಯ ಉದ್ದೇಶವಲ್ಲ, ನಿಜ; ಆದರೆ ಅಂಥ ಓದನ್ನು ತಡೆಯುವ ಬಿಗಿ ಆ ಅಧ್ಯಾಯದಲ್ಲಿಲ್ಲ.

ಧರ್ಮಸಭೆಗೂ ಇದು ಹೊರಗಿನ ವಿಷಯವಲ್ಲ. ಕೆನಡಾದ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ ನೀಡಿದ 94 ಕರೆಗಳಲ್ಲಿ 60ನೆಯದು ಗುರುಮಠಗಳನ್ನೂ ಉದ್ದೇಶಿಸಿದೆ: ಮೂಲನಿವಾಸಿಗಳ ಅಧ್ಯಾತ್ಮವನ್ನು ಅದರದೇ ನೆಲೆಯಲ್ಲಿ ಗೌರವಿಸುವ ಪಠ್ಯವನ್ನು ಅವರ ಹಿರಿಯರೊಡನೆ ಕೂಡಿಯೇ ರೂಪಿಸಬೇಕು. ನಾವು ಸಂಸ್ಕೃತ್ಯನುಕರಣವೆಂದು ಕರೆಯುವುದಕ್ಕಿಂತ ಇದು ಕಠಿಣ. ಅಲ್ಲಿ ಯಾವ ಹಾಡು, ಯಾವ ದೀಪ ಎಂಬುದನ್ನು ಆರಿಸುವವರು ಬಹುಮಟ್ಟಿಗೆ ನಾವೇ. ಸಮಾರ್ಯದ ಬಾವಿಯ ಬಳಿ ಪ್ರಭು ಮೊದಲು ನೀರು ಬೇಡಿದರು ಎಂಬುದನ್ನು ಬೋಧಿಸುವಾಗಲೂ ನಮ್ಮ ಗಮನವೆಲ್ಲ ಅವರು ಕೊಟ್ಟ ನೀರಿನ ಮೇಲೆಯೇ.

ಪಾಲನಾ ತರಬೇತಿಗೆಂದು ಕೊಡಗು, ಹೆಗ್ಗಡದೇವನಕೋಟೆಗಳ ಹಾಡಿಗಳಿಗೆ ಹೋಗುವ ವಿದ್ಯಾರ್ಥಿ ಪ್ರಶ್ನಾವಳಿಯೊಡನೆ ಹೋಗುತ್ತಾನೆ, ವರದಿಯೊಡನೆ ಮರಳುತ್ತಾನೆ. ಆ ವರದಿಯನ್ನು ಹಾಡಿಯ ಹಿರಿಯರ ಮುಂದೆ ಓದಿ, ಅವರು ಬೇಡವೆಂದ ಪುಟವನ್ನು ತೆಗೆದುಹಾಕಿದರೆ ಅಂಕ ಕೊಡಲು ನಾವು ಸಿದ್ಧರಿದ್ದೇವೆಯೇ?